ತಮ್ಮನ ನಡಿಗೆಯನ್ನು ಅಣಕಿಸುತ್ತಾರೆ, ಅವನನ್ನು ಮನೆಯಲ್ಲೇ ಇರಿಸಿಕೊಳ್ಳಬೇಕಾ?

ಬೇಡ. ಅದೊಂದು ಮಾಡಬೇಡಿ.

ತಮ್ಮನಿಗೆ 19 ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಹಾನಿಯಿಂದ ಕೈಕಾಲು ಹತೋಟಿಗೆ ಸರಿಯಾಗಿ ಸಿಗದ ಸ್ಥಿತಿ), ಹೊರಗೆ ಬಂದರೆ ಹುಡುಗರು ಅವನ ಹಾಗೇ ಕಾಲೆಳೆದು ನಡೆದು ತೋರಿಸುತ್ತಾರೆ, ದೊಡ್ಡವರಿಗೆ ಹೇಳಿದರೆ "ಹುಡುಗಾಟ, ತಲೆ ಕೆಡಿಸ್ಕೋಬೇಡಿ" ಅನ್ನುತ್ತಾರೆ ಅಂತ ಬರೆದಿದ್ದೀರಿ. ನನಗೂ ಅದೇ ಸೆರೆಬ್ರಲ್ ಪಾಲ್ಸಿ. ಎಡಗೈ, ಎಡಗಾಲು ನನ್ನ ಮಾತು ಅಷ್ಟಾಗಿ ಕೇಳುವುದಿಲ್ಲ.

ನಮ್ಮಂಥವರಲ್ಲಿ ಅನೇಕರಿಗೆ ಇನ್ನೊಂದು ಪಜೀತಿ ಇರುತ್ತದೆ. ದಿಢೀರ್ ಸದ್ದಾದರೆ ಮೈ ಬೆಚ್ಚಿಬೀಳುವುದು ಉಳಿದವರಿಗಿಂತ ಜಾಸ್ತಿ. ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ, ಮೆದುಳು ಮತ್ತು ಸ್ನಾಯುಗಳ ನಡುವಿನ ಎಡವಟ್ಟು ಅದು. ಶಾಲೆಯಲ್ಲಿ ಒಬ್ಬ ಹುಡುಗ ಇದನ್ನು ಕಂಡುಹಿಡಿದ. ನಾನು ಬಾಟಲಿ ಎತ್ತಿ ನೀರು ಕುಡಿಯುವಾಗ ಹಿಂದಿನಿಂದ ಬಂದು ಪಟ್ ಅಂತ ಚಪ್ಪಾಳೆ ಹೊಡೆಯುತ್ತಿದ್ದ. ನೀರೆಲ್ಲ ಅಂಗಿ ಮೇಲೆ. ಒಂದು ವಾರದಲ್ಲಿ ಅದು ಇಡೀ ಕ್ಲಾಸಿನ ಆಟವಾಯಿತು. ನಾನೇನು ಮಾಡಿದೆ ಗೊತ್ತಾ? ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ. ಮನೆಯವರಿಗೆ ಅನುಮಾನ ಬರಬಾರದಲ್ವಾ, ಸಂಜೆ ಬಾಟಲಿಯ ನೀರನ್ನು ಗೇಟಿನ ಪಕ್ಕದ ಗಿಡಕ್ಕೆ ಸುರಿದು ಹೋಗುತ್ತಿದ್ದೆ.

ಮೇಷ್ಟ್ರಿಗೆ ಗೊತ್ತಾಗಿ ಎಲ್ಲರಿಗೂ ಬೈದರು. "ಪಾಪ, ಅವನಿಗೆ ಹಾಗೆಲ್ಲ ಮಾಡಬಾರದು" ಅಂದರು. ಎರಡು ದಿನ ಆಟ ನಿಂತಿತು. ಮೂರನೇ ದಿನದಿಂದ ನನ್ನ ಅಡ್ಡಹೆಸರೇ "ಪಾಪ" ಆಯಿತು. (ಒಳ್ಳೆಯ ಮನಸ್ಸಿನವರು ಈ ಪದವನ್ನು ಸ್ವಲ್ಪ ಕಡಿಮೆ ಬಳಸಿದರೆ ಉಪಕಾರವಾಗುತ್ತದೆ.)

ಕೊನೆಗೆ ನಿಲ್ಲಿಸಿದ್ದು ಪಕ್ಕದ ಬೆಂಚಿನ ಹುಡುಗಿ. ಒಂದು ದಿನ ನಾನು ಬಾಟಲಿ ತೆಗೆದಾಗ ಎದ್ದು ಬಂದು ನನ್ನ ಬೆನ್ನ ಹಿಂದೆ, ಆ ಕಡೆ ಮುಖ ಮಾಡಿ ನಿಂತಳು. ಜಗಳ ಆಡಲಿಲ್ಲ, ಏನೂ ಅನ್ನಲಿಲ್ಲ. ಮರುದಿನವೂ ಬಂದಳು. ಆಮೇಲೆ ಇನ್ನಿಬ್ಬರು ಸೇರಿದರು. ನಗುವವರೇ ಕಡಿಮೆಯಾದ ಮೇಲೆ ಚಪ್ಪಾಳೆ ಹೊಡೆಯುವವನಿಗೆ ಮಜಾ ಉಳಿಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಅಣಕಿಸುವವನ ಹಿಂದೆ ಬೀಳಬೇಡಿ. ಅವನ ಸುತ್ತ ನಿಂತವರನ್ನು ನೋಡಿ. ಅವರಲ್ಲಿ ಒಬ್ಬಿಬ್ಬರಾದರೂ ಒಲ್ಲದ ಮನಸ್ಸಿನಿಂದ ನಗುತ್ತಿರುತ್ತಾರೆ. ಅವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಗುಂಪಿನೆದುರು ಬೇಡ. ಹಾಗೆಯೇ ತಮ್ಮನಿಗೆ "ಸರಿಯಾಗಿ ನಡಿ" ಅಂತ ಯಾರೂ ಹೇಳದಂತೆ ನೋಡಿಕೊಳ್ಳಿ. ಗಾಬರಿಯಾದಾಗ ನಮ್ಮ ಸ್ನಾಯುಗಳು ಇನ್ನೂ ಬಿಗಿಯುತ್ತವೆ. ಅಣಕಿಸಿದಷ್ಟೂ ನಡಿಗೆ ಕೆಡುತ್ತದೆ, ಕೆಟ್ಟಷ್ಟೂ ಅವರಿಗೆ ಖುಷಿ.

"ಹುಡುಗಾಟ" ಅನ್ನುವ ದೊಡ್ಡವರಿಗೆ ಒಂದು ಲೆಕ್ಕ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಅಧ್ಯಯನವೊಂದು 2012ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಂಗವೈಕಲ್ಯ ಇರುವ ಮಕ್ಕಳು ಹಿಂಸೆಗೆ ಒಳಗಾಗುವ ಸಾಧ್ಯತೆ ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು ಅನ್ನುತ್ತದೆ ಅದು. ಅದೂ ಹೆಚ್ಚಾಗಿ ಶ್ರೀಮಂತ ದೇಶಗಳ ಮಾಹಿತಿ.

ಆದದ್ದನ್ನೆಲ್ಲ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾಕೆ ಅಂದರೆ, ಇಂಗ್ಲೆಂಡಿನಲ್ಲಿ ಒಬ್ಬ ತಾಯಿ ಮತ್ತು ಬೌದ್ಧಿಕ ತೊಂದರೆ ಇದ್ದ ಅವಳ ಮಗಳಿಗೆ ಬೀದಿಯ ಹುಡುಗರು ವರ್ಷಗಟ್ಟಲೆ ಕಾಟ ಕೊಟ್ಟರು. ಪೊಲೀಸರಿಗೆ 33 ಸಲ ಫೋನ್ ಹೋಗಿತ್ತು. ಯಾರೂ ಒಂದಕ್ಕೊಂದು ಜೋಡಿಸಿ ನೋಡಲಿಲ್ಲ, ಪ್ರತಿಯೊಂದೂ ಸಣ್ಣ ತಕರಾರಾಗಿಯೇ ಉಳಿಯಿತು. 2007ರಲ್ಲಿ ತಾಯಿ, ಮಗಳು ಇಬ್ಬರೂ ಸತ್ತರು. ಪೊಲೀಸರ ವೈಫಲ್ಯವೂ ಇದಕ್ಕೆ ಕಾರಣ ಅಂತ 2009ರ ವಿಚಾರಣೆಯಲ್ಲಿ ಜ್ಯೂರಿ ಹೇಳಿತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಬಿಡಿಬಿಡಿಯಾಗಿ ಹೇಳಿದರೆ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ, ಅಷ್ಟೆ.

ಕೈ ಮಾಡಿದರೆ, ವಸ್ತು ಕಿತ್ತುಕೊಂಡರೆ ಕಾಯುವುದೇ ಬೇಡ, ದೂರು ಕೊಡಿ. ಹಲವು ದೇಶಗಳಲ್ಲಿ ಇದಕ್ಕೆ ಕಾನೂನಿದೆ. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಇದೆ. ಬೇಕೆಂದೇ ನಾಲ್ಕು ಜನರೆದುರು ಅವಮಾನ ಮಾಡಿದರೂ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಣಕಿಸುವವನು ಕಣ್ಣೆದುರು ಇರುತ್ತಾನೆ. ಸ್ನೇಹಿತನ ವೇಷದಲ್ಲಿ ಬರುವವನನ್ನು ಗುರುತಿಸುವುದು ಕಷ್ಟ. ತಮ್ಮನ ಕೈಯಲ್ಲಿ ದುಡ್ಡಿದ್ದಾಗ ಮಾತ್ರ ಬರುವವನು, ಫೋನ್ ತೆಗೆದುಕೊಂಡು ಹೋಗಿ ವಾಪಸ್ ಕೊಡದವನು, ತಾನು ಮಾಡಿದ ತಪ್ಪನ್ನು ಇವನ ತಲೆಗೆ ಕಟ್ಟುವವನು. ಬೇರೆ ಯಾರೂ ಇಲ್ಲದಾಗ ಅಂಥವನನ್ನೂ ಬಿಡಲು ಮನಸ್ಸು ಬರುವುದಿಲ್ಲ. ನಾನೂ ಅಂಥ ಒಬ್ಬನನ್ನು ಎರಡು ವರ್ಷ ಸಹಿಸಿಕೊಂಡಿದ್ದೆ. ಮನೆಯಲ್ಲಿ ಕೂರಿಸಬೇಡಿ ಅಂದದ್ದು ಇದಕ್ಕೂ ಸೇರಿಯೇ.

ಇದೆಲ್ಲ ಶುರು ಮಾಡುವ ಮೊದಲು ಏನು ಮಾಡಬೇಕು ಅಂತ ತಮ್ಮನನ್ನೇ ಕೇಳಿ. 19 ವರ್ಷದವನು ಅವನು. ಆ ಗುಂಪಿನಲ್ಲಿ ಯಾರು ಒಲ್ಲದೆ ನಗುತ್ತಾರೆ ಅಂತ ನಿಮಗಿಂತ ಚೆನ್ನಾಗಿ ಅವನಿಗೆ ಗೊತ್ತಿರುತ್ತದೆ. ನೀವು ಜೊತೆಗೆ ಬರುವುದು ಬೇಡ ಅಂದರೆ, ಹೋಗಬೇಡಿ.