ಅಮೆರಿಕದ ನ್ಯಾಯಮೂರ್ತಿ ರೋಜರ್ ಟ್ರೇನರ್ ಯಾರು? ಅವರು ಏಕೆ ಮುಖ್ಯರಾಗುತ್ತಾರೆ?

ಯೂಟಾದ ಗಣಿಪಟ್ಟಣ ಪಾರ್ಕ್ ಸಿಟಿಯಲ್ಲಿ 1900ರಲ್ಲಿ ಹುಟ್ಟಿದ ಟ್ರೇನರ್, ಬರ್ಕ್ಲಿಯಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದಾಗಲೇ 1940ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಸುಪ್ರೀಂ ಕೋರ್ಟಿಗೆ ನೇಮಕಗೊಂಡರು. 1964ರಿಂದ 1970ರವರೆಗೆ ಅದರ ಮುಖ್ಯ ನ್ಯಾಯಮೂರ್ತಿಯಾಗಿದ್ದು, 1983ರಲ್ಲಿ ನಿಧನರಾದರು.

1944ರಲ್ಲಿ, ತಂಪುಪಾನೀಯದ ಬಾಟಲಿ ಸಿಡಿದು ಹೋಟೆಲ್ ಪರಿಚಾರಿಕೆಯೊಬ್ಬರ ಕೈಗೆ ಗಾಯವಾದ ಪ್ರಕರಣದಲ್ಲಿ, ನಿರ್ಲಕ್ಷ್ಯ ಸಾಬೀತಾಗದಿದ್ದರೂ ದೋಷವುಳ್ಳ ಸರಕಿನಿಂದಾದ ಹಾನಿಗೆ ತಯಾರಕರೇ ಹೊಣೆಯಾಗಬೇಕೆಂದು ಅವರು ಪ್ರತ್ಯೇಕ ಅಭಿಪ್ರಾಯ ಬರೆದರು. ಅಂದು ಒಂಟಿಯಾಗಿದ್ದ ಆ ವಾದವನ್ನು 1963ರಲ್ಲಿ ಇಡೀ ಪೀಠವೇ ಒಪ್ಪಿತು. ಇಂದು ಗ್ರಾಹಕರಿಗಿರುವ ರಕ್ಷಣೆ ಆ ಹಟಕ್ಕೆ ಬಹುವಾಗಿ ಋಣಿ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ದಿಟ್ಟವಾದದ್ದು 1948ರ ಪೆರೆಸ್ ಪ್ರಕರಣ: ಭಿನ್ನ ಜನಾಂಗದವರ ಮದುವೆಯನ್ನು ನಿಷೇಧಿಸಿದ್ದ ರಾಜ್ಯದ ಕಾನೂನನ್ನು 4–3 ಬಹುಮತದಿಂದ ರದ್ದುಗೊಳಿಸಿದ ಆ ತೀರ್ಪಿನ ಮುಖ್ಯ ಅಭಿಪ್ರಾಯ ಟ್ರೇನರ್ ಅವರದೇ. ಅಮೆರಿಕದ ಸುಪ್ರೀಂ ಕೋರ್ಟ್ ಅಂತಹ ನಿಷೇಧಗಳನ್ನು ದೇಶದಾದ್ಯಂತ ತೆಗೆದುಹಾಕಿದ್ದು 1967ರಲ್ಲಿ.