ರಾಯಭಾರಿಯ ಒಂದು ಮಾತಿಗೆ ಇಷ್ಟೊಂದು ಸಿಟ್ಟು ಯಾಕೆ?

ರಾಯಭಾರಿ ಏನೋ ಅಂದರೆ ಗಡಿ ಬದಲಾಗುತ್ತದಾ ಅಂತ ಕೇಳಿದ್ದೀರಿ. ಬದಲಾಗಲ್ಲ ಸರ್. ಆದರೆ ರಾಯಭಾರಿ ಆಡುವ ಮಾತನ್ನು ಜನ ಅವರ ಸರ್ಕಾರದ ಮಾತು ಅಂತಲೇ ತಗೊಳ್ಳುತ್ತಾರೆ. 2006ರ ನವೆಂಬರಿನಲ್ಲಿ ಚೀನಾದ ರಾಯಭಾರಿ ಸುನ್ ಯುಷಿ ಟಿವಿಯಲ್ಲಿ ಇಡೀ ಅರುಣಾಚಲ ಪ್ರದೇಶವೇ ನಮ್ಮದು, ತವಾಂಗ್ ಅದರಲ್ಲೊಂದು ಜಾಗ ಅಷ್ಟೇ ಅಂದರು. ಅದೂ ಅವರ ಅಧ್ಯಕ್ಷ ಹು ಜಿಂಟಾವೊ ಭಾರತಕ್ಕೆ ಬರುವ ಹೊತ್ತಿಗೆ! ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಅದನ್ನು ಒಪ್ಪಲಿಲ್ಲ. ಸುಮ್ನಿದ್ದರೆ ನಾಳೆ ಮಾತುಕತೆಗೆ ಕೂತಾಗ 'ಅವತ್ತು ಯಾಕೆ ಬಾಯಿ ಬಿಡಲಿಲ್ಲ' ಅಂತಾರೆ.

ಅರುಣಾಚಲದವರು ಓಟು ಹಾಕಿ ಲೋಕಸಭೆಗೆ ಇಬ್ಬರನ್ನು ಕಳಿಸುವ ಜನ. ಅವರ ಮನೆ ಅಂಗಳವನ್ನೇ ಯಾರೋ ನಮ್ಮದು ಅಂದರೆ ಸಿಟ್ಟು ಬರದೆ ಇರುತ್ತಾ? ಜಯದೇವ ಸರ್ಕಲ್ಲಿನಲ್ಲಿ ಘೋಷಣೆ ಕೂಗೋಣ, ತಪ್ಪಿಲ್ಲ. ಆದರೆ ನಮ್ಮ ದಾವಣಗೆರೆಯಲ್ಲೇ ದೋಸೆ ತಿನ್ನಲು ಬಂದ ಈಶಾನ್ಯದ ಹುಡುಗನಿಗೆ ಚಿಲ್ಲರೆ ಕೊಡುತ್ತಾ 'ಏ ಚೀನಾ' ಅನ್ನುವವರಿದ್ದಾರಲ್ಲ, ಮೊದಲು ಅದು ನಿಲ್ಲಬೇಕು.