ಲ್ಯಾಬ್ರಡಾರ್ ಮತ್ತು ಜವಾರಿ ನಾಯಿಯನ್ನು ವರ್ಷವಿಡೀ ಹಿತ್ತಲಲ್ಲೇ ಇಡಬಹುದೇ? ಗದಗಿನ ಬಿಸಿಲು, ಥಂಡಿ ತಡೆಯುತ್ತವೆಯೇ?

ನೀವು ಬರೆದದ್ದು ಇಷ್ಟು: ಗದಗ-ಬೆಟಗೇರಿಯಲ್ಲಿ ಮನೆ, ಹಿತ್ತಲಲ್ಲಿ ಮೂರು ವರ್ಷದ ಲ್ಯಾಬ್ರಡಾರ್, ಅದರ ಜೊತೆಗೆ ಬೀದಿಯಿಂದ ಬಂದು ಸೇರಿಕೊಂಡ ಜವಾರಿ ಹೆಣ್ಣುನಾಯಿ. ಲ್ಯಾಬ್‌ಗೆ ಹಗಲೆಲ್ಲ ಸರಪಳಿ. ಥಂಡಿಗೆ ಸ್ವೆಟರ್ ಬೇಕೇ, ಬೇಸಿಗೆಗೆ ಕೂದಲು ಬೋಳಿಸಬೇಕೇ, ಹೆಣ್ಣುನಾಯಿ ಗಬ್ಬ ಇದೆ, ಡಿಸೆಂಬರಿನಲ್ಲಿ ಮರಿ ಹಾಕಿದರೆ ಏನು ಮಾಡಬೇಕು ಎಂದು ಕೇಳಿದ್ದೀರಿ.

ಎರಡನ್ನೂ ಹೊರಗೆ ಇಡಬಹುದು. ಆದರೆ ಸರಪಳಿ ಮೊದಲು ಬಿಚ್ಚಿ. ನಮ್ಮ ಕಡೆ ನಾಯಿಯ ಜೀವಕ್ಕೆ ಎರವಾಗುವುದು ಬಿಸಿಲು, ಅದರಲ್ಲೂ ಬಿಸಿಲಲ್ಲಿ ಕಟ್ಟಿಹಾಕುವುದು. ತಾನಾಗಿ ಜಾಗ ಬದಲಿಸಬಲ್ಲ ನಾಯಿ ಬಹಳ ತಡೆಯುತ್ತದೆ. ನಿಮ್ಮ ಜವಾರಿ ನಾಯಿಯನ್ನೇ ನೋಡಿ: ಬೆಳಿಗ್ಗೆ ಕಟ್ಟೆಯ ಮೇಲೆ, ಹನ್ನೊಂದಕ್ಕೆ ಬಚ್ಚಲ ಮೋರಿಯ ಹಸಿ ಮಣ್ಣಲ್ಲಿ, ಮಧ್ಯಾಹ್ನ ಯಾರದೋ ಕಾರಿನ ಕೆಳಗೆ. ಕಟ್ಟಿದ ಲ್ಯಾಬ್‌ಗೆ ಆ ದಾರಿ ಇಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನ ಮೆತ್ತೆಯಲ್ಲಿ ಬರುವ ಬೆವರು ಲೆಕ್ಕಕ್ಕಿಲ್ಲ. ಅದು ಮೈಬಿಸಿ ಕಳೆಯುವುದು ತೇಕಿ: ಬಾಯಿ, ನಾಲಿಗೆ, ಮೂಗಿನೊಳಗಿನ ತೇವ ಆರುವಾಗ ಅಲ್ಲಿ ಹರಿಯುವ ರಕ್ತ ತಣ್ಣಗಾಗುತ್ತದೆ. ಸುಮ್ಮನೆ ಮಲಗಿದ ನಾಯಿ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುತ್ತದೆ, ತೇಕುವಾಗ ಅದು 200 ದಾಟುತ್ತದೆ. ತೇವ ಆರಬೇಕೆಂದರೆ ಗಾಳಿ ಒಣಗಿರಬೇಕು. ಹೀಗಾಗಿ ಏಪ್ರಿಲ್‌ನ 38 ಡಿಗ್ರಿ ಒಣಬಿಸಿಲನ್ನು ನೆರಳು-ನೀರು ಇದ್ದ ನಾಯಿ ತಡೆದುಕೊಂಡರೂ, ಅಡ್ಡಮಳೆ ಬಿದ್ದ ಮರುದಿನ ನೆಲ ಹಬೆಯಾಡುವಾಗ 33–34 ಡಿಗ್ರಿಗೇ ಸೋಲಬಹುದು. ಉಷ್ಣಾಂಶ ಇಳಿಯಿತು ಎಂದು ನಾವು ನಿರಾಳವಾಗುವ ದಿನಗಳಲ್ಲೇ ಹೆಚ್ಚು ಎಚ್ಚರ ಬೇಕು.

ಇನ್ನೊಂದು ಅಪಾಯದ ಕಾಲ ಬೇಸಿಗೆಯ ಮೊದಲ ದಿನಗಳು. ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಹೋಯಿತು ಅನ್ನುತ್ತೇವಲ್ಲ, ಅಲ್ಲಿಂದ ಎರಡು-ಮೂರು ವಾರ ನಾಯಿಯ ಮೈ ಇನ್ನೂ ಬಿಸಿಲಿಗೆ ಒಗ್ಗಿರುವುದಿಲ್ಲ. ಆಗ ಓಡಿಸುವುದು, ಚೆಂಡು ಎಸೆದು ಆಡಿಸುವುದು ಕಡಿಮೆ ಮಾಡಿ. ಲ್ಯಾಬ್ ದಣಿದರೂ ಚೆಂಡು ಬಿಡದ ಜಾತಿ. ಆಟ ನಿಲ್ಲಿಸುವ ಹೊಣೆ ನಿಮ್ಮದು.

ಯಾವ ನಾಯಿ ಎಷ್ಟು ತಡೆಯುತ್ತದೆ ಎಂಬುದಕ್ಕೆ ಮೂಗು, ಮೈಕೊಬ್ಬು, ಕೂದಲು ನೋಡಬೇಕು. ಚಪ್ಪಟೆ ಮೂಗಿನ ಪಗ್, ಬುಲ್‌ಡಾಗ್, ಶಿಟ್ಜುಗಳಿಗೆ ತೇಕುವ ದಾರಿಯೇ ಕಿರಿದು. ನಮ್ಮ ಬೇಸಿಗೆಯಲ್ಲಿ ಅವನ್ನು ಹೊರಗೆ ಇಡುವಂತೆಯೇ ಇಲ್ಲ. ಸೈಬೀರಿಯಾದ ಹಿಮಕ್ಕೆ ಹುಟ್ಟಿದ ಹಸ್ಕಿಯನ್ನು ತಂದು ಗದಗಿನ ಹಿತ್ತಲಲ್ಲಿ ಕಟ್ಟುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಲ್ಯಾಬ್‌ಗೂ ಒಳಗೂದಲಿನ ದಟ್ಟ ಪದರ ಇದೆ, ಮೇಲೆ ಬೊಜ್ಜು ಬೇರೆ ಬೇಗ ಬರುತ್ತದೆ. ಪಕ್ಕೆಯ ಮೇಲೆ ಅಂಗೈ ಹಗುರ ಆಡಿಸಿ. ಎಲುಬು ಕೈಗೆ ಸಿಗದೆ ಒತ್ತಿ ಹುಡುಕಬೇಕಾದರೆ ತೂಕ ಇಳಿಸಿ. ಮುಧೋಳ ನಾಯಿಯದು ತದ್ವಿರುದ್ಧ: ತೆಳು ಚರ್ಮ, ಗಿಡ್ಡ ಕೂದಲು, ಕೊಬ್ಬಿಲ್ಲದ ಮೈ. ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಥಂಡಿಗೆ ಎಲ್ಲರಿಗಿಂತ ಮೊದಲು ನಡುಗುತ್ತದೆ.

ನೆರಳಿನ ವಿಷಯದಲ್ಲಿ ಒಂದು ಲೆಕ್ಕ ತಪ್ಪುತ್ತದೆ. "ಗೋಡೆ ಬದಿ ಕಟ್ಟಿದ್ದೇವೆ, ನೆರಳಿದೆ" ಎನ್ನುತ್ತಾರೆ. ಮೇ ಮೊದಲ ವಾರ ನಮ್ಮ ಊರುಗಳಲ್ಲಿ ಹನ್ನೆರಡೂವರೆ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ. ಆಗ ಯಾವ ಗೋಡೆಗೂ ನೆರಳಿಲ್ಲ. ಆಮೇಲೆ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತದೆ, ಉತ್ತರದ ಗೋಡೆಯ ತಂಪು ನಂಬಿದವರು ಮೋಸ ಹೋಗುತ್ತಾರೆ. ಬೇವು, ಹೊಂಗೆ, ಹುಣಸೆ ಯಾವುದಾದರೂ ಮರ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಗಾಳಿಯೂ ಆಡುತ್ತದೆ. ಪತ್ರಾಸಿನ ಶೆಡ್ ಇದ್ದರೆ ಅದರ ಮೇಲೆ ಅರ್ಧ ಅಡಿ ಎತ್ತರಕ್ಕೆ ಬಿದಿರು ಹಾಸಿ, ಜೋಳದ ಕಣಿಕೆ ದಪ್ಪಗೆ ಹೊದಿಸಿ. ನಡುವೆ ಗಾಳಿ ಹಾಯಬೇಕು. ಪತ್ರಾಸಿಗೆ ದಪ್ಪ ಸುಣ್ಣ ಬಳಿದರೂ ಒಳಗಿನ ಧಗೆ ಇಳಿಯುತ್ತದೆ. ಬರೀ ಪತ್ರಾಸಿನ ಕೆಳಗೆ ಮಲಗುವುದೂ ಬಿಸಿ ಹಂಚಿನ ಕೆಳಗೆ ಮಲಗುವುದೂ ಒಂದೇ.

ನೀರು: 25 ಕೆ.ಜಿ. ನಾಯಿಗೆ ಸಾಧಾರಣ ದಿನಕ್ಕೆ ಒಂದೂವರೆ ಲೀಟರ್, ಉರಿಬಿಸಿಲಲ್ಲಿ ಅದರ ಎರಡರಷ್ಟು. ನಳದ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ನಾಯಿಗೆಂದೇ ಒಂದು ಕೊಡ ಬೇರೆ ತುಂಬಿಡಿ. ಅಗಲ ಬಾಯಿಯ ಮಣ್ಣಿನ ಪಾತ್ರೆ ಎರಡು, ಎರಡು ಬೇರೆ ಜಾಗದಲ್ಲಿ, ನೆರಳಲ್ಲಿ. ಸ್ಟೀಲ್ ಬೋಗುಣಿ ಬಿಸಿಲಿಗೆ ಸಿಕ್ಕರೆ ನಾಯಿ ಆ ನೀರು ಮುಟ್ಟುವುದಿಲ್ಲ. ಮಜ್ಜಿಗೆ ಕೊಡುವುದಾದರೆ ತೆಳ್ಳಗೆ, ಉಪ್ಪು-ಒಗ್ಗರಣೆ ಇಲ್ಲದೆ ಕೊಡಿ. ಉಳ್ಳಾಗಡ್ಡಿ ಹಾಕಿದ್ದು ಬೇಡವೇ ಬೇಡ, ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ.

ಅಡ್ಡಾಡಿಸುವುದು ಬೆಳಿಗ್ಗೆ ಏಳರೊಳಗೆ, ರಾತ್ರಿ ಎಂಟರ ನಂತರ. ಡಾಂಬರು ಸಂಜೆ ಆರಕ್ಕೂ ಕಾದಿರುತ್ತದೆ. ಹಿಂಗೈಯನ್ನು ರಸ್ತೆಯ ಮೇಲೆ ಏಳು ಎಣಿಸುವ ತನಕ ಇಡಲಾಗದಿದ್ದರೆ ನಾಯಿಯ ಅಂಗಾಲೂ ಸುಡುತ್ತದೆ. ಕಾರಿನಲ್ಲಂತೂ ಬಿಟ್ಟು ಹೋಗಬೇಡಿ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಹತ್ತು ನಿಮಿಷದ ಕೆಲಸ ಎಂದು ಇಳಿದದ್ದು ಅರ್ಧ ಗಂಟೆಯಾದರೆ, ಗಾಜು ಚೂರು ಇಳಿಸಿದ್ದರೂ ಒಳಗೆ ಹೊರಗಿಗಿಂತ 15–20 ಡಿಗ್ರಿ ಹೆಚ್ಚಾಗಿರುತ್ತದೆ.

ಕೂದಲು ಬೋಳಿಸಬೇಡಿ. ಲ್ಯಾಬಿನ ಮೇಲ್ಗೂದಲು ಬಿಸಿಲು ನೇರ ಚರ್ಮಕ್ಕೆ ತಗಲದಂತೆ ತಡೆಯುತ್ತದೆ. ತೆಗೆಯಬೇಕಾದದ್ದು ಉದುರಿ ಸಿಕ್ಕಿಕೊಂಡ ಒಳಗೂದಲು. ಫೆಬ್ರವರಿಯಿಂದ ವಾರಕ್ಕೆ ಮೂರು ಸಲ ಬಾಚಿ, ಗಾಳಿ ಚರ್ಮದ ತನಕ ಹೋಗಲಿ.

ಬಿಸಿಲು ಬಡಿದದ್ದನ್ನು ಗುರುತಿಸಲು ನಾಲಿಗೆ ನೋಡಿ. ಸಾಧಾರಣ ತೇಕುವಾಗ ನಾಲಿಗೆ ತಿಳಿಗೆಂಪಾಗಿ ಜೋತಿರುತ್ತದೆ. ಮಿತಿ ಮೀರಿದಾಗ ತುದಿ ಸೌಟಿನಂತೆ ಅಗಲವಾಗುತ್ತದೆ, ಅಂಚು ಮೇಲಕ್ಕೆ ಮಡಚುತ್ತದೆ, ಬಣ್ಣ ಕಡುಗೆಂಪಿಗೆ ತಿರುಗುತ್ತದೆ, ಜೊಲ್ಲು ಅಂಟಾಗಿ ದಾರದಂತೆ ಇಳಿಯುತ್ತದೆ. ಆಮೇಲೆ ಹಿಂಗಾಲು ತೂರಾಡುವುದು, ವಾಂತಿ, ರಕ್ತ ಬೆರೆತ ಭೇದಿ. ಬಿದ್ದ ನಾಯಿ ಮೈ ಸುಡುತ್ತಿರುವಾಗಲೇ ತೇಕುವುದು ನಿಲ್ಲಿಸಿದರೆ ಸುಧಾರಿಸಿತು ಎಂದುಕೊಳ್ಳಬೇಡಿ, ಅದು ಕೈಮೀರುತ್ತಿರುವ ಗುರುತು. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಒಂದು ಇಂಚು ಇಟ್ಟು ನೋಡಿ. ನಾಯಿಯ ಸಹಜ ಉಷ್ಣಾಂಶ 101ರಿಂದ 102.5 ಫ್ಯಾರನ್‌ಹೀಟ್. ಬಿಸಿಲಲ್ಲಿ ಇದ್ದ ನಾಯಿಗೆ 104 ದಾಟಿದರೆ ತಣಿಸಲು ಶುರು ಮಾಡಿ, 106 ಆದರೆ ಜೀವಕ್ಕೇ ಅಪಾಯ. ನೆರಳಲ್ಲೇ ಮಲಗಿದ್ದ ನಾಯಿಗೆ 104 ಇದ್ದರೆ ಉಣ್ಣೆ ಕಚ್ಚಿ ಬರುವ ಜ್ವರವೂ ಆಗಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ. ನೆರಳಿಗೆ ತಂದು ಕುತ್ತಿಗೆಯಿಂದ ಬಾಲದ ತನಕ, ಹೊಟ್ಟೆ-ತೊಡೆಸಂದಿಗೆ ಬಿಡದೆ ನೀರು ಸುರಿಯಿರಿ, ಜೊತೆಗೆ ಫ್ಯಾನ್ ಹಾಕಿ. ನೀರು ಎಲ್ಲಿಂದ ತರುತ್ತೀರಿ ನೋಡಿಕೊಳ್ಳಿ: ಮಧ್ಯಾಹ್ನ ಎರಡಕ್ಕೆ ಮಾಳಿಗೆ ಮೇಲಿನ ಟಾಕಿಯ ನೀರು ಕೈ ಸುಡುತ್ತದೆ, ಬಿಸಿಲಲ್ಲಿ ಬಿದ್ದ ಪೈಪಿನದೂ ಅಷ್ಟೇ. ನೆಲದಡಿ ಸಂಪಿನದೋ ಕೊಡದ್ದೋ ಬಳಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಬಿಸಿಯಾಗಿ ಶಾಖ ಒಳಗೇ ಉಳಿಯುತ್ತದೆ. ಬಾಯಿ ತೆರೆದು ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದ ಗುಳಿಗೆ ಕೊಡಬೇಡಿ, ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ನಾಯಿಯ ಪಿತ್ತಜನಕಾಂಗಕ್ಕೆ ಹಾನಿ ಮಾಡುತ್ತದೆ. 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಇಲ್ಲವಾದರೆ ತೀರ ಕೆಳಗೆ ಜಾರುತ್ತದೆ. ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಲೇಬೇಕು. ಮೂತ್ರಪಿಂಡದ ತೊಂದರೆ, ರಕ್ತ ಹೆಪ್ಪುಗಟ್ಟದಿರುವುದು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತವೆ.

ಇನ್ನು ಥಂಡಿ. ನಮ್ಮಲ್ಲಿ ಡಿಸೆಂಬರ್-ಜನವರಿಯ ರಾತ್ರಿ 14–15 ಡಿಗ್ರಿ, ಕೆಲವು ದಿನ ಅದಕ್ಕೂ ಕೆಳಗೆ. ಮೈ ಒಣಗಿದ್ದು, ಗಾಳಿಗೆ ಮರೆ ಇದ್ದರೆ ಬೆಳೆದ ನಾಯಿಗೆ ಇದು ಏನೂ ಅಲ್ಲ. ಚಿಕ್ಕ ಮೈಯ, ತೆಳುಗೂದಲಿನ ನಾಯಿಗಳಿಗೂ ನಿಜವಾದ ತೊಂದರೆ ಶುರುವಾಗುವುದು 7 ಡಿಗ್ರಿಯ ಆಸುಪಾಸಿಗೆ. ನಿಮ್ಮ ಲ್ಯಾಬ್‌ಗೆ ಸ್ವೆಟರ್ ಬೇಡ. ಮುಧೋಳ, ಮುದಿನಾಯಿ, ಕಾಯಿಲೆಯಿಂದ ಎದ್ದದ್ದಕ್ಕೆ ರಾತ್ರಿ ಹಾಕಿ, ಬೆಳಿಗ್ಗೆ ಒಂಬತ್ತಕ್ಕೆ ತೆಗೆಯಿರಿ. ಅದೇ ದಿನ ಮಧ್ಯಾಹ್ನ 30 ಡಿಗ್ರಿ ಮುಟ್ಟುತ್ತದೆ.

ಥಂಡಿ ಹೆಚ್ಚು ಏರುವುದು ನೆಲದಿಂದ. ಪರಸಿ, ಸಿಮೆಂಟು ರಾತ್ರಿಯಿಡೀ ಮೈಬಿಸಿ ಎಳೆಯುತ್ತವೆ. ಹಳೆಯ ಹೊರಸು ಇದ್ದರೆ ಕಾಲು ಗಿಡ್ಡ ಮಾಡಿ ಹಾಕಿಕೊಡಿ. ಥಂಡಿಯಲ್ಲಿ ಮೇಲೆ ಗೋಣಿಚೀಲ ಹಾಸಿ, ಬೇಸಿಗೆಯಲ್ಲಿ ತೆಗೆದರೆ ಕೆಳಗಿನಿಂದ ಗಾಳಿ ಆಡುತ್ತದೆ. ಎರಡೂ ಕಾಲಕ್ಕೆ ಇಷ್ಟು ಚೆನ್ನಾಗಿ ಒದಗುವ ಬೇರೆ ಸಾಮಾನು ನನಗೆ ಗೊತ್ತಿಲ್ಲ.

ನೀವು ಮಳೆಯ ಬಗ್ಗೆ ಕೇಳಲಿಲ್ಲ, ಆದರೆ ಥಂಡಿಗಿಂತ ಅದು ಕೆಟ್ಟದ್ದು. ಜುಲೈನಲ್ಲಿ 21 ಡಿಗ್ರಿ ಇದ್ದರೂ ಜಿಟಿಜಿಟಿ ಮಳೆಗೆ ನೆನೆದ ನಾಯಿ ಪಡುವಣ ಗಾಳಿಗೆ ಗಡಗಡ ನಡುಗುತ್ತದೆ. ಧಾರವಾಡ, ಹಾನಗಲ್ ಕಡೆಯವರಿಗೆ ಇದು ಇನ್ನೂ ಹೆಚ್ಚು. ಗೂಡಿನ ಬಾಗಿಲು ಆಗ್ನೇಯಕ್ಕೆ ಇರಲಿ: ಮಳೆಗಾಳಿ ಬೆನ್ನಿಗೆ ಬೀಳುತ್ತದೆ, ಚಳಿಗಾಲದ ಎಳೆಬಿಸಿಲು ಒಳಗೆ ಬರುತ್ತದೆ. ನೆಲದಿಂದ ಅರ್ಧ ಅಡಿ ಎತ್ತರ. 25–30 ಕೆ.ಜಿ. ನಾಯಿಗೆ ಮೂರೂವರೆ ಅಡಿ ಉದ್ದ, ಎರಡೂವರೆ ಅಗಲ, ಮೂರು ಎತ್ತರ ಸಾಕು. ತೀರ ದೊಡ್ಡದಾದರೆ ನಾಯಿಯ ಮೈಬಿಸಿಗೆ ಗೂಡು ಬೆಚ್ಚಗಾಗುವುದಿಲ್ಲ. ಹಾಸಲು ಭತ್ತದ ಒಣಹುಲ್ಲು ಒಳ್ಳೆಯದು, ವಾರಕ್ಕೊಮ್ಮೆ ಬದಲಿಸಿ. ಕೌದಿ ಒಮ್ಮೆ ನೆನೆದರೆ ಎರಡು ದಿನ ಆರುವುದಿಲ್ಲ, ಅದರ ಮೇಲೆ ಮಲಗಿದ ನಾಯಿ ಬರಿ ನೆಲಕ್ಕಿಂತ ಹೆಚ್ಚು ತಣಿಯುತ್ತದೆ.

ಮರಿಗಳ ವಿಷಯಕ್ಕೆ ಬಂದರೆ, ಥಂಡಿಯ ಬಗ್ಗೆ ನಾನು ಹೇಳಿದ ಸಮಾಧಾನದ ಮಾತು ಯಾವುದೂ ಅನ್ವಯಿಸುವುದಿಲ್ಲ. ನಾಯಿ ಗಬ್ಬ ಹೊರುವುದು ಸುಮಾರು 63 ದಿನ. ಮಳೆಗಾಲದ ಕೊನೆಗೆ ಕೂಡಿದ ಬೀದಿನಾಯಿಗಳು ಥಂಡಿಯಲ್ಲೇ ಮರಿ ಹಾಕುತ್ತವೆ. ಹುಟ್ಟಿದ ಮರಿಗೆ ನಡುಗಲೂ ಬರುವುದಿಲ್ಲ, ಮೊದಲ ವಾರ ಸುತ್ತಲಿನ ಗಾಳಿಯೇ 29–32 ಡಿಗ್ರಿ ಇರಬೇಕು, ನಾಲ್ಕನೇ ವಾರಕ್ಕೆ 24–25 ಸಾಕು. ಹೆಣ್ಣುನಾಯಿಯ ಉಷ್ಣಾಂಶ 99ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ ಹಾಕುತ್ತದೆ, ಆಗಲೇ ಕೋಣೆಯೊಳಗೋ ಪಡಸಾಲೆಗೋ ತನ್ನಿ. ಮೂಲೆಗೆ ಮೂರು ಅಡಿ ಎತ್ತರದಲ್ಲಿ 60 ವ್ಯಾಟಿನ ಹಳೇ ಮಾದರಿಯ ಬಲ್ಬ್ ಕಟ್ಟಿ, ಎಲ್‌ಇಡಿಯಿಂದ ಶಾಖ ಬರುವುದಿಲ್ಲ. ಇನ್ನರ್ಧ ಜಾಗ ತಂಪಾಗಿ ಬಿಡಿ, ಬಿಸಿ ಹೆಚ್ಚಾದರೆ ಮರಿ ತೆವಳಿ ಅತ್ತ ಹೋಗುತ್ತದೆ. ಗುಂಪಾಗಿ ಒತ್ತಿಕೊಂಡು ಚೀರುತ್ತಿದ್ದರೆ ಥಂಡಿ, ಚೆದುರಿ ಮಲಗಿ ತೇಕುತ್ತಿದ್ದರೆ ಬಿಸಿ. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪಕ್ಕಕ್ಕಿಡಿ.

ಗುಂಪಿನಿಂದ ಬೇರೆಯಾಗಿ ತಣ್ಣಗೆ ಬಿದ್ದಿರುವ ಮರಿ ಸಿಕ್ಕರೆ ತಕ್ಷಣ ಹಾಲು ಹಾಕಬೇಡಿ. ಉಷ್ಣಾಂಶ 94ಕ್ಕಿಂತ ಕೆಳಗಿರುವಾಗ ಕರುಳು ಕೆಲಸ ಮಾಡುವುದಿಲ್ಲ, ಹಾಲು ಒಳಗೇ ಕೊಳೆತು ಹೊಟ್ಟೆ ಉಬ್ಬಿ ಸಾಯುತ್ತದೆ. ಒರೆಸಿ, ಎದೆಗೊತ್ತಿಕೊಂಡು ಬಟ್ಟೆಯಲ್ಲಿ ಸುತ್ತಿ, ಒಂದರಿಂದ ಮೂರು ಗಂಟೆಯಲ್ಲಿ ನಿಧಾನ ಬೆಚ್ಚಗೆ ಮಾಡಿ. 96–97ಕ್ಕೆ ಬಂದು ಬೆರಳು ಚೀಪತೊಡಗಿದರೆ ತಾಯಿಯ ಹಿಂದಿನ ಮೊಲೆಗೆ ಹಚ್ಚಿ, ಅಲ್ಲಿ ಹಾಲು ಹೆಚ್ಚು. ಬಾಟಲಿಯಿಂದ ಕುಡಿಸಬೇಕಾಗಿ ಬಂದರೆ ಮಗುವಿನಂತೆ ಅಂಗಾತ ಹಿಡಿಯಬೇಡಿ, ಹೊಟ್ಟೆ ಕೆಳಗಾಗಿ ತಲೆ ತುಸು ಮೇಲಿರಲಿ, ಹಾಲು ತಾನಾಗಿ ಚೀಪಿದಷ್ಟೇ ಹೋಗಲಿ.